ಮುಗಿಯಿತು ಅಂತ ಯಾರೂ ಗಂಟೆ ಬಾರಿಸಲಿಲ್ಲ

(ಕೋವಿಡ್ ಆದ ಮೇಲೆ ಮತ್ತೆ ಮಾಮೂಲಿ ಬದುಕಿಗೆ ಮರಳುವುದರ ಬಗ್ಗೆ ಒಂದು ಗ್ರಂಥಾಲಯದ ಸಭಾಂಗಣದಲ್ಲಿ ಆಡಿದ ಮಾತುಗಳಿವು. ರೆಕಾರ್ಡಿಂಗ್ ಕೇಳಿಸಿಕೊಂಡು ಬರೆದಿದ್ದೇನೆ. ತಡವರಿಸಿದ್ದನ್ನು ತೆಗೆದಿದ್ದೇನೆ. ಆವತ್ತು ಹೊಳೆಯದ ಒಂದೆರಡು ವಿಷಯ ಸೇರಿಸಿದ್ದೇನೆ.)

ಮಾತು ಶುರು ಮಾಡುವ ಮೊದಲು ಬ್ಯಾಗಿನಿಂದ ಒಂದು ಪುಟ್ಟ ಸೀಸೆ ತೆಗೆದು ಮುಂದಿನ ಸಾಲಿನವರ ಕೈಗೆ ಕೊಟ್ಟೆ. ಕಂದು ಬಣ್ಣದ್ದು, ಹೆಬ್ಬೆರಳಿನಷ್ಟು. "ಮುಚ್ಚಳ ತೆಗೆದು ಒಮ್ಮೆ ಮೂಸಿ, ಪಕ್ಕದವರಿಗೆ ದಾಟಿಸಿ" ಅಂದೆ.

ಮೊದಲನೇ ಸಾಲಿನವರು ಮೂಸಿದರು. ಎದುರಿಗೇ ನಾನು ನಿಂತಿದ್ದೆನಲ್ಲ, ದಾಕ್ಷಿಣ್ಯ ಇರಬೇಕು. ಎರಡನೇ ಸಾಲಿನಲ್ಲಿ ಒಬ್ಬರು ಸೀಸೆಯನ್ನು ಮೊಳದುದ್ದ ದೂರ ಹಿಡಿದು, ಇನ್ನೊಂದು ಕೈಯಲ್ಲಿ ಗಾಳಿ ಬೀಸಿಕೊಂಡು, "ಹ್ಞಾಂ, ಬಂತು ಬಂತು" ಅಂದರು. ಬಂದಿರಲಿಕ್ಕಿಲ್ಲ. ಮೂರನೇ ಸಾಲಿನ ಒಬ್ಬ ಮಹಿಳೆ ಮುಚ್ಚಳವನ್ನೇ ತೆಗೆಯದೆ ಪಕ್ಕಕ್ಕೆ ಕೊಟ್ಟರು. ಅವರ ಪಕ್ಕದ ಹುಡುಗ ತೋಳನ್ನು ಬೆರಳತನಕ ಎಳೆದುಕೊಂಡು ಬಟ್ಟೆಯ ಮೇಲೆಯೇ ಸೀಸೆ ಹಿಡಿದ. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಆ ಹುಡುಗನೂ ನಕ್ಕ. ಆದರೆ ತೋಳು ಮಾತ್ರ ಕೆಳಗಿಳಿಸಲಿಲ್ಲ.

ಇವತ್ತಿನ ವಿಷಯ ಇದೇ. ನೀವೆಲ್ಲ ಕೆಲಸಕ್ಕೆ ಹೋಗುತ್ತಿದ್ದೀರಿ, ಮದುವೆಗಳಿಗೆ ಹೋಗುತ್ತಿದ್ದೀರಿ, ಈ ಹಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದೀರಿ. ಎಲ್ಲ ಮಾಮೂಲಿ. (ಆ ಇನ್ನೊಂದು ಮಾಮೂಲಿ ಅಲ್ಲ, ನಗಬೇಡಿ.) ಆದರೆ ಒಂದು ಸೀಸೆ ಕೈಗೆ ಬಂದ ತಕ್ಷಣ, ನಿಮ್ಮನ್ನು ಕೇಳದೆಯೇ ನಿಮ್ಮ ಕೈ ಒಂದು ತೀರ್ಮಾನ ಮಾಡಿಬಿಟ್ಟಿತು. ತಲೆ 2020ರಿಂದ ಹೊರಬಂದಿದೆ. ಕೈ ಇನ್ನೂ ಅಲ್ಲೇ ಒಂದು ಕಾಲು ಊರಿದೆ!

ಈಗ ಒಂದು ಪ್ರಶ್ನೆ. 2023ರ ಮೇ 5ರಂದು ನೀವು ಏನು ಮಾಡುತ್ತಿದ್ದಿರಿ? ಯಾರಿಗಾದರೂ ನೆನಪಿದೆಯಾ? ಇಲ್ಲ ಅಲ್ವಾ. ನನಗೂ ಇಲ್ಲ. ಆದರೆ ಎಲ್ಲ ಬಂದ್ ಆದ ದಿನ? ಯಾವ ಕೋಣೆಯಲ್ಲಿದ್ದಿರಿ, ಯಾರಿಗೆ ಮೊದಲು ಫೋನ್ ಮಾಡಿದಿರಿ, ಏನನ್ನು ಒಂದಕ್ಕೆರಡು ಜಾಸ್ತಿ ತಂದಿಟ್ಟುಕೊಂಡಿರಿ, ಎಲ್ಲ ಹೇಳುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಡನ್ನು ಜಾಗತಿಕ ತುರ್ತು ಪರಿಸ್ಥಿತಿ ಅಂತ ಘೋಷಿಸಿದ್ದು 2020ರ ಜನವರಿ 30ಕ್ಕೆ. ಇದು ಮಹಾಸಾಂಕ್ರಾಮಿಕ ಅಂತ ಹೇಳಿದ್ದು ಅದೇ ವರ್ಷ ಮಾರ್ಚ್ 11ಕ್ಕೆ. ಆ ತುರ್ತು ಪರಿಸ್ಥಿತಿ ಮುಗಿಯಿತು ಅಂದಿದ್ದು 2023ರ ಮೇ 5ಕ್ಕೆ. ಅವತ್ತು ಕೂಡ ಅವರು ಹೇಳಿದ್ದು ತುರ್ತು ಮುಗಿದಿದೆ ಅಂತ, ವೈರಸ್ ಹೋಗಿದೆ ಅಂತಲ್ಲ. ಆ ಸುದ್ದಿ ಫೋನಿನಲ್ಲಿ ಬಂತು, ಬೆರಳು ಮೇಲೆ ಸರಿಸಿತು, ಹೋಯಿತು.

ಶಾಲೆ ಬಿಟ್ಟಾಗ ಗಂಟೆ ಬಾರಿಸುತ್ತಾರೆ. ಮಕ್ಕಳು ಓಡುತ್ತಾರೆ. ಇಲ್ಲಿ ಯಾರೂ ಗಂಟೆ ಬಾರಿಸಲಿಲ್ಲ. ಅದಕ್ಕೇ ಒಂದೇ ಮನೆಯಲ್ಲಿ ಒಬ್ಬರು 2021ರಲ್ಲೇ ಹೊರಗೆ ಓಡಿದರು, ಇನ್ನೊಬ್ಬರು ಇನ್ನೂ ಬೆಂಚಿನ ಮೇಲೆ ಕೂತಿದ್ದಾರೆ. ಓಡಿದವರಿಗೆ ಕೂತವರ ಮೇಲೆ ಸಿಟ್ಟು, ಕೂತವರಿಗೆ ಓಡಿದವರ ಮೇಲೆ ಸಿಟ್ಟು. ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದು "ಕೊರೋನಾದಿಂದ ತೊಂದರೆ" ಅಂತ ಈಗ ಯಾರೂ ಹೇಳುವುದಿಲ್ಲ. "ಇವರು ಎಲ್ಲಿಗೂ ಬರಲ್ಲ ಮೇಡಂ", "ಇವಳಿಗೆ ಯಾವಾಗ ನೋಡಿದ್ರೂ ಕೈ ತೊಳೆಯೋದೇ ಕೆಲಸ", ಹೀಗೆ ಬರುತ್ತಾರೆ. ಅರ್ಧ ಗಂಟೆ ಮಾತಾಡಿದ ಮೇಲೆ 2020 ಹೊರಗೆ ಬರುತ್ತದೆ.

ಭಯದ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಎಡವುವುದು.

ನನ್ನದೇ ಉದಾಹರಣೆ. ನಾನು ಕೆಲಸ ಮಾಡುವುದು ನಾಲ್ಕನೇ ಮಹಡಿಯಲ್ಲಿ. 2022ರ ಕೊನೆಯವರೆಗೂ ನಾನು ಲಿಫ್ಟ್ ಹತ್ತಲಿಲ್ಲ. ಕೇಳಿದವರಿಗೆ "ವ್ಯಾಯಾಮ" ಅನ್ನುತ್ತಿದ್ದೆ. ಅದು ಸುಳ್ಳು, ನನಗೆ ಗೊತ್ತಿತ್ತು. ಲಿಫ್ಟಿನ ಬಾಗಿಲು ಮುಚ್ಚುವಾಗ ಎದೆ ಹಿಡಿದ ಹಾಗಾಗುತ್ತಿತ್ತು. ಒಳಗಿರುವ ಇನ್ನೊಬ್ಬರ ಉಸಿರು ನನ್ನ ಕತ್ತಿಗೆ ತಾಗಿದ ಹಾಗೆ ಅನಿಸುತ್ತಿತ್ತು. ಮೆಟ್ಟಿಲು ಹತ್ತಿದ ಕೂಡಲೇ ಸಮಾಧಾನ. ಈ ಸಮಾಧಾನ ಇದೆಯಲ್ಲ, ಅದೇ ಮೋಸ. ಭಯ ಆಯಿತು, ತಪ್ಪಿಸಿಕೊಂಡೆ, ಹಾಯಾಯಿತು. ಮಿದುಳು ಇದನ್ನು ಹೇಗೆ ಬರೆದಿಟ್ಟುಕೊಳ್ಳುತ್ತದೆ? "ಲಿಫ್ಟಿನಲ್ಲಿ ಅಪಾಯ ಇತ್ತು, ತಪ್ಪಿಸಿಕೊಂಡಿದ್ದಕ್ಕೆ ಬಚಾವಾದೆ." ಲಿಫ್ಟಿನಲ್ಲಿ ಹೋಗಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನುವುದನ್ನು ಕಲಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಹೀಗೆ ಪ್ರತಿ ಸಲ ತಪ್ಪಿಸಿಕೊಂಡಾಗಲೂ ಭಯಕ್ಕೆ ನಾವೇ ಕೈಯಾರೆ ಊಟ ಹಾಕುತ್ತೇವೆ.

ನಾನು ಬೇರೆಯವರಿಗೆ ಹೇಳುವ ಔಷಧಿಯನ್ನು ಕೊನೆಗೆ ನಾನೇ ಕುಡಿಯಬೇಕಾಯಿತು. ಮೊದಲ ವಾರ ಲಿಫ್ಟಿನ ಮುಂದೆ ನಿಂತು, ಬಾಗಿಲು ತೆಗೆದು ಮುಚ್ಚುವುದನ್ನು ಸುಮ್ನೆ ನೋಡಿದೆ. ಕಾವಲಿನವರು ನನಗೆ ಏನೋ ಆಗಿದೆ ಅಂದುಕೊಂಡಿರಬೇಕು. ಎರಡನೇ ವಾರ ಯಾರೂ ಇಲ್ಲದಾಗ ಒಂದು ಮಹಡಿ. ಆಮೇಲೆ ಎರಡು. ಆಮೇಲೆ ಇನ್ನೊಬ್ಬರು ಇದ್ದಾಗ ಒಂದು ಮಹಡಿ. ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ಹೋಗಿಬಿಡದೆ ಅಲ್ಲೇ ಇದ್ದರೆ ಅದು ತಾನಾಗಿಯೇ ಇಳಿಯುತ್ತದೆ, ಯಾಕೆಂದರೆ ಅಷ್ಟು ಜೋರಾಗಿ ಗಂಟೆಗಟ್ಟಲೆ ಗಾಬರಿಪಡುವುದು ದೇಹಕ್ಕೂ ಆಗದ ಕೆಲಸ. ಲಿಫ್ಟ್ ನಾಲ್ಕನೇ ಮಹಡಿಗೆ ಮುಟ್ಟುವಷ್ಟರಲ್ಲಿ ಮಾತ್ರ ಇಳಿಯುವುದಿಲ್ಲ, ಅದು ನಿಜ. ಅದಕ್ಕೇ ಮತ್ತೆ ಮತ್ತೆ ಹತ್ತಿ ಇಳಿಯಬೇಕಾಗುತ್ತದೆ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಹೀಗೆ ಮಾಡಿದಾಗ ಹಳೆಯ ಭಯ ಅಳಿಸಿ ಹೋಗುವುದಿಲ್ಲ. ಅದರ ಪಕ್ಕದಲ್ಲಿ ಹೊಸ ಪಾಠ ಒಂದು ಕೂರುತ್ತದೆ, ಅಷ್ಟೇ. ಇವಾನ್ ಪಾವ್ಲೋವ್ ನಾಯಿಗಳ ಮೇಲೆ ಪ್ರಯೋಗ ಮಾಡುವಾಗಲೇ ಇದನ್ನು ಕಂಡಿದ್ದರು. ಕಲಿತದ್ದನ್ನು ಮರೆಸಿದ ಮೇಲೂ, ಕೆಲವು ಕಾಲ ಬಿಟ್ಟು ನೋಡಿದರೆ ಅದು ಮತ್ತೆ ತಲೆ ಎತ್ತುತ್ತಿತ್ತು. ಆದ್ದರಿಂದ ಆರು ತಿಂಗಳು ಆರಾಮಾಗಿದ್ದು, ಒಂದು ದಿನ ಹಿಂದಿನ ಸೀಟಿನವರು ಕೆಮ್ಮಿದ ತಕ್ಷಣ ನಿಮ್ಮ ಬೆನ್ನು ಸೆಟೆದರೆ, ಮೊದಲಿನಿಂದ ಶುರು ಮಾಡಬೇಕಾಯಿತಲ್ಲ ಅಂತ ಹಣೆ ಚಚ್ಚಿಕೊಳ್ಳಬೇಡಿ. ಹಳೆಯ ಪಾಠ ಒಮ್ಮೆ ಇಣುಕಿದೆ, ಅಷ್ಟೇ.

ಹಾಗಂತ ಎಲ್ಲ ಎಚ್ಚರಿಕೆಯೂ ಭಯ ಅಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಅಂಗ ಕಸಿ ಮಾಡಿಸಿಕೊಂಡವರು, ತುಂಬಾ ವಯಸ್ಸಾದವರು ಗುಂಪಿನಲ್ಲಿ ಮಾಸ್ಕ್ ಹಾಕಿದರೆ ಅದು ಲೆಕ್ಕಾಚಾರ. ಅವರನ್ನು ನೋಡಿ "ಇನ್ನೂ ಹಾಕ್ತೀರಾ?" ಅನ್ನುವವರಿಗೆ ನಾನು ಹೇಳುವುದು ಒಂದೇ: ನಿಮಗೇನು ಕಷ್ಟ? ಕಿಟಕಿ ತೆಗೆದಿಡುವುದೂ ಹಾಗೆಯೇ. ಈ ವೈರಸ್ ಮುಖ್ಯವಾಗಿ ಗಾಳಿಯಲ್ಲಿ ಹರಡುತ್ತದೆ ಅಂತ ಒಪ್ಪಿಕೊಳ್ಳುವುದಕ್ಕೆ ಆರೋಗ್ಯ ಸಂಸ್ಥೆಗಳು ಬಹಳ ತಡ ಮಾಡಿದವು. ಅಲ್ಲಿಯವರೆಗೆ ನಾವು ಸಾಮಾನಿನ ಪೊಟ್ಟಣಗಳನ್ನು ಸೋಪು ಹಾಕಿ ತೊಳೆಯುತ್ತಾ ಕೂತಿದ್ದೆವು. ನಾನು ಪೇಪರನ್ನು ಇಸ್ತ್ರಿ ಮಾಡಿದ್ದೇನೆ, ಯಾರಿಗೂ ಹೇಳಬೇಡಿ. ಹಾಗಾದರೆ ಎಚ್ಚರಿಕೆ ಯಾವುದು, ಭಯ ಯಾವುದು? ನಾನು ಕೇಳುವ ಪ್ರಶ್ನೆ: ಇದನ್ನು ಮಾಡಿದ ಮೇಲೆ ನೀವು ಹೊರಗೆ ಹೋಗುತ್ತೀರಾ, ಇಲ್ಲಾ ಮನೆಯಲ್ಲೇ ಉಳಿಯುತ್ತೀರಾ? ಮಾಸ್ಕ್ ಹಾಕಿಕೊಂಡು ಮೊಮ್ಮಗಳ ನಾಟಕ ನೋಡಲು ಹೋದ ಅಜ್ಜಿಗೆ ನನ್ನ ಸಹಾಯ ಬೇಕಿಲ್ಲ.

ಅಭ್ಯಾಸದ ಮಾತು ಬಂತು ಅಂದರೆ ಜನ 21 ದಿನ ಸಾಕು ಅನ್ನುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಸುಮಾರು ನೂರು ಜನರನ್ನು ಇಟ್ಟುಕೊಂಡು ನೋಡಿದಾಗ, ಒಂದು ಹೊಸ ಕೆಲಸ ತಾನಾಗಿ ನಡೆಯುವಷ್ಟು ಅಭ್ಯಾಸ ಆಗಲು ನಡುಮಟ್ಟದ ಲೆಕ್ಕದಲ್ಲಿ 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254ರವರೆಗೆ. ನಾವು ದೂರ ನಿಲ್ಲುವುದನ್ನು ಎರಡು ವರ್ಷ ಅಭ್ಯಾಸ ಮಾಡಿದ್ದೇವೆ. ಅದೂ ಬಹುಮಾನ ಕೊಟ್ಟು ಕಲಿಸಿದ ಅಭ್ಯಾಸ ಅಲ್ಲ, ಸಾವು ತೋರಿಸಿ ಕಲಿಸಿದ್ದು. ಒಂದು ಸುತ್ತೋಲೆ ಬಂದ ಮಾರನೇ ದಿನ ಅದು ಹೋಗಿಬಿಡಬೇಕು ಅಂದರೆ ಹೇಗೆ?

ಇನ್ನೊಂದು, ಸುಸ್ತು. ಎರಡು ತಾಸು ಜನರ ನಡುವೆ ಇದ್ದು ಬಂದರೆ ಒಂದು ದಿನ ಮಲಗಬೇಕು ಅನಿಸುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಮುಂಚೆ ಹೀಗಿರಲಿಲ್ಲ ಅನ್ನುತ್ತಾರೆ. ನಿಜ, ಎದುರಿಗೆ ಕೂತು ಮಾತಾಡುವುದು ದುಡಿಮೆಯೇ. ಯಾವಾಗ ನಗಬೇಕು, ಯಾವಾಗ ಕಣ್ಣು ತಪ್ಪಿಸಬೇಕು, ಮಾತಿನ ಮಧ್ಯೆ ಎಲ್ಲಿ ತೂರಿಕೊಳ್ಳಬೇಕು, ಇದನ್ನೆಲ್ಲ ಮುಂಚೆ ಯೋಚಿಸದೆ ಮಾಡುತ್ತಿದ್ದೆವು. ಬಹಳ ದಿನ ಸೈಕಲ್ ಮುಟ್ಟದಿದ್ದವರು ಹತ್ತಿದರೆ ಬೀಳುವುದಿಲ್ಲ, ಆದರೆ ತೊಡೆ ನೋಯುತ್ತದೆ. ಹಾಗೆ.

ಮತ್ತೆ, ಆ ಅವಧಿಯಲ್ಲಿ ನಾವು ಕಳೆದುಕೊಂಡ ಜನ ಯಾರು ಅಂತ ನೋಡಿ. ಆಪ್ತರನ್ನು ಅಲ್ಲ, ಅವರಿಗೆ ವಿಡಿಯೋ ಕಾಲ್ ಮಾಡಿದೆವು, ಬೇಕಾದ್ದಕ್ಕಿಂತ ಜಾಸ್ತಿಯೇ ಮಾಡಿದೆವು. ಕಳೆದುಹೋದವರು ಮೇಲುಮೇಲಿನ ಪರಿಚಯದವರು. ದಿನಾ ಅದೇ ಹೊತ್ತಿಗೆ ನಾಯಿ ಕರೆದುಕೊಂಡು ಬರುವವರು. ಆಫೀಸಿನ ಇನ್ನೊಂದು ವಿಭಾಗದ, ಹೆಸರು ಕೂಡ ಗೊತ್ತಿಲ್ಲದ, ನಕ್ಕು ತಲೆಯಾಡಿಸುವವರು. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞ 1973ರಲ್ಲೇ ಒಂದು ಪ್ರಬಂಧದಲ್ಲಿ ಇಂಥ ತೆಳು ನಂಟುಗಳಿಗೆ ದೊಡ್ಡ ಶಕ್ತಿ ಇದೆ ಅಂತ ತೋರಿಸಿದ್ದರು. ಹೊಸ ಸುದ್ದಿ, ಕೆಲಸದ ಸುಳಿವು ಬರುವುದು ಇವರ ಕಡೆಯಿಂದಲೇ, ಯಾಕೆಂದರೆ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಇಂಥವರಿಗೆ ಯಾರೂ ಫೋನ್ ಮಾಡಿ "ಹೇಗಿದ್ದೀರಿ" ಅಂತ ಕೇಳುವುದಿಲ್ಲ. ನಂಬರೇ ಇರುವುದಿಲ್ಲ. ಒಂದು ದಿನ ಹೊರಗೆ ಬಂದಾಗ ಅವರಲ್ಲಿ ಕೆಲವರು ಇರಲಿಲ್ಲ. ಬೇರೆ ಕಡೆ ಹೋದರೋ, ಹೋಗಿಯೇ ಬಿಟ್ಟರೋ ತಿಳಿಯಲಿಲ್ಲ. ಕೇಳುವುದು ಯಾರನ್ನು?

ಇಲ್ಲಿಗೆ ಸಾವಿನ ಮಾತಿಗೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020 ಮತ್ತು 2021, ಈ ಎರಡೇ ವರ್ಷಗಳಲ್ಲಿ, ಮಾಮೂಲಿಗಿಂತ ಹೆಚ್ಚಾಗಿ ಸತ್ತವರು ಸುಮಾರು 1 ಕೋಟಿ 49 ಲಕ್ಷ ಜನ. ಅಧಿಕೃತವಾಗಿ ಲೆಕ್ಕಕ್ಕೆ ಸಿಕ್ಕಿದ್ದು ಇದರ ಅರ್ಧಕ್ಕೂ ಕಡಿಮೆ. ಸಂಖ್ಯೆ ಕೇಳಿ ನಮಗೆ ಏನೂ ಅನಿಸುವುದಿಲ್ಲ, ಅದು ನಮ್ಮ ತಪ್ಪಲ್ಲ. ಆದರೆ ಆಸ್ಪತ್ರೆಯ ಗಾಜಿನ ಆಚೆಯಿಂದ ಅಪ್ಪನನ್ನು ನೋಡಿ, ಮತ್ತೆ ಮುಖವನ್ನೇ ನೋಡದೆ ಕಳಿಸಿಕೊಟ್ಟ ಮಗನಿಗೆ "ಎಲ್ಲ ಮೊದಲಿನ ಹಾಗೆ ಆಯ್ತಲ್ಲ" ಅಂತ ಹೇಳಿ ನೋಡಿ. ಅಂಥವರು ನನ್ನೆದುರು ಹೇಳುವುದು ಒಂದು ವಿಚಿತ್ರ ಮಾತು: "ಅಪ್ಪ ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ ಅನ್ಸುತ್ತೆ." ಮಣ್ಣು ಮಾಡುವುದು, ದಹನ ಮಾಡುವುದು, ನಾಲ್ಕು ಜನ ಬಂದು ಕೂತು ಅಳುವುದು, ಇವೆಲ್ಲ ಸತ್ತವರಿಗಾಗಿ ಅಂತ ನಾವು ಅಂದುಕೊಂಡಿದ್ದೆವು. ಉಳಿದವರಿಗೆ "ಹೌದು, ಹೋದರು" ಅಂತ ನಂಬಿಸಲು ಇದ್ದ ಏರ್ಪಾಡು ಅದು. ಅದೇ ತಪ್ಪಿತು.

ನಾನು ಅವರಿಗೆ ದೊಡ್ಡದೇನೂ ಹೇಳುವುದಿಲ್ಲ. ಎಷ್ಟು ವರ್ಷವಾದರೂ ಪರವಾಗಿಲ್ಲ, ಒಂದು ದಿನ ನಾಲ್ಕು ಜನರನ್ನು ಕರೆಯಿರಿ, ಹೋದವರ ಬಗ್ಗೆ ಒಂದೊಂದು ಕಥೆ ಹೇಳಲಿ, ಬೇಕಾದರೆ ಬೈಯಲಿ ಅನ್ನುತ್ತೇನೆ. ಒಬ್ಬರು ಹಾಗೆ ಮಾಡಿದರು. ಅವರ ಅಪ್ಪನ ಗೆಳೆಯರೊಬ್ಬರು ಬಂದು, "ನಿಮ್ಮಪ್ಪ ನನ್ನ ಕೊಡೆ ತಗೊಂಡು ಹೋಗಿದ್ದ, ವಾಪಸ್ ಕೊಡಲೇ ಇಲ್ಲ" ಅಂದರಂತೆ. ಮಗ ಒಳಗೆ ಹೋಗಿ ಹುಡುಕಿದಾಗ ಕೊಡೆ ಬಾಗಿಲ ಹಿಂದೆಯೇ ಇತ್ತು. ಅದನ್ನು ಕೈಯಲ್ಲಿ ಹಿಡಿದಾಗ ಅವರಿಗೆ ಮೊದಲ ಸಲ ಅಳು ಬಂತು.

1918ರ ಫ್ಲೂ ಕನಿಷ್ಠ 5 ಕೋಟಿ ಜನರನ್ನು ಕೊಂಡೊಯ್ದಿತು ಅಂತ ಲೆಕ್ಕ ಇದೆ. ಅದರ ಜೊತೆಗೇ ನಡೆದ ಮಹಾಯುದ್ಧಕ್ಕೆ ಎಲ್ಲೆಲ್ಲೂ ಸ್ಮಾರಕಗಳಿವೆ. ಫ್ಲೂಗೆ ಇರುವುದು ಬೆರಳೆಣಿಕೆಯಷ್ಟು. 1920ರಲ್ಲಿ ಅಮೆರಿಕದಲ್ಲಿ ವಾರನ್ ಹಾರ್ಡಿಂಗ್ ಅಧ್ಯಕ್ಷ ಚುನಾವಣೆಗೆ ನಿಂತು, ಎಲ್ಲವನ್ನೂ ಮತ್ತೆ ಮಾಮೂಲಿ ಮಾಡೋಣ ಅಂತಲೇ ಪ್ರಚಾರ ಮಾಡಿದರು. ಭಾರಿ ಬಹುಮತದಿಂದ ಗೆದ್ದರು. ಮರೆಯುವ ಆಸೆ ಹೊಸದೇನಲ್ಲ. ಜನರನ್ನು ನಾನು ದೂರುವುದಿಲ್ಲ. ಮರೆಯದೆ ಇದ್ದವರನ್ನು ಅವರು ಎಳೆದಾಡದಿದ್ದರೆ ಸಾಕು.

ಮಕ್ಕಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಅದಕ್ಕೆ ಬೇರೆಯೇ ಉಪನ್ಯಾಸ ಬೇಕು. ಯುನೆಸ್ಕೋ ಲೆಕ್ಕದಲ್ಲಿ, ಬಂದ್ ಜೋರಾಗಿದ್ದಾಗ ಜಗತ್ತಿನಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ಶಾಲೆ ಕಾಲೇಜುಗಳಿಂದ ಹೊರಗಿದ್ದರು. ಪಾಠ ಹಿಂದೆ ಬಿತ್ತು ಅಂತ ಎಲ್ಲರೂ ಅಳತೆ ಮಾಡುತ್ತಾರೆ. ಜಗಳವಾಡಿ ಮಾರನೇ ದಿನ ರಾಜಿಯಾಗುವುದನ್ನು ಕಲಿಯುವ ವಯಸ್ಸಿನಲ್ಲಿ ಜಗಳವಾಡಲು ಯಾರೂ ಇರಲಿಲ್ಲವಲ್ಲ, ಅದನ್ನು ಅಳೆಯುವವರು ಕಡಿಮೆ.

ಈಗ ಆ ಸೀಸೆ. ಅದು ಎಲ್ಲಿಗೆ ಮುಟ್ಟಿದೆ? ಆರನೇ ಸಾಲಾ? ಸರಿ, ಮುಂದೆ ಹೋಗಲಿ.

2021ರಲ್ಲಿ ನನಗೆ ಕೋವಿಡ್ ಬಂತು. ಹೆಚ್ಚು ಕಾಡಲಿಲ್ಲ. ವಾಸನೆ ಮಾತ್ರ ಹೋಯಿತು. ನನಗೆ ಅದು ಗೊತ್ತಾಗಿದ್ದು ಹಾಲಿನಿಂದ. ಒಲೆಯ ಮೇಲೆ ಹಾಲಿಟ್ಟು, ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಫೋನ್ ನೋಡುತ್ತಿದ್ದೆ. ಹಾಲು ಉಕ್ಕಿ, ಸೀದು, ತಳ ಕಪ್ಪಾಗಿ, ಹೊಗೆ ಕಣ್ಣಿಗೆ ಕಂಡ ಮೇಲೆ ಎದ್ದೆ. ಮೂಗಿಗೆ ಏನೂ ಇಲ್ಲ. ಬರೀ ಗಾಳಿ. ಆ ಕ್ಷಣದ ಭಯ ಜ್ವರ ಬಂದಾಗಲೂ ಆಗಿರಲಿಲ್ಲ.

ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ನರಕೋಶಗಳಿವೆ, ಅವುಗಳನ್ನು ಸಾಕಿ ಸಲಹುವ ಆಸರೆ ಕೋಶಗಳೂ ಇವೆ. ವೈರಸ್ ಮುಖ್ಯವಾಗಿ ಹೊಡೆದದ್ದು ಆ ಆಸರೆಯವರನ್ನು. ಅವರು ಬಿದ್ದಾಗ ಕೆಲಸ ಮಾಡುವವರೂ ನಿಂತರು. ಒಳ್ಳೆಯ ಸುದ್ದಿ ಅಂದರೆ ಆ ನರಕೋಶಗಳು ಜೀವನವಿಡೀ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು ಕೋವಿಡ್‌ಗೂ ಎಷ್ಟೋ ಮೊದಲು, 2009ರಲ್ಲಿ, ಇದಕ್ಕೊಂದು ಅಭ್ಯಾಸ ಪ್ರಕಟಿಸಿದ್ದರು. ನಾಲ್ಕು ವಾಸನೆ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ದಿನಕ್ಕೆರಡು ಸಲ, ಹನ್ನೆರಡು ವಾರ. ಅಷ್ಟೇ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಮೂಸುತ್ತಾ ಅದರ ನೆನಪು ಮಾಡಿಕೊಳ್ಳುವುದು. ಎಲ್ಲರಿಗೂ ಫಲ ಕೊಡುತ್ತದೆ ಅಂತಲ್ಲ, ಬಹಳ ಜನರಿಗೆ ಸ್ವಲ್ಪ ಸಹಾಯ ಆಗುತ್ತದೆ.

ಏನೂ ವಾಸನೆ ಬಾರದ ಇಂಥ ಸೀಸೆಯನ್ನು ಬೆಳಿಗ್ಗೆ ಸಂಜೆ ಮೂಸುವುದು ಎಷ್ಟು ಬೇಜಾರಿನ ಕೆಲಸ ಗೊತ್ತಾ? ನನ್ನ ತಂಗಿ ನೋಡಿ "ಅಕ್ಕಾ, ನೀನು ಪೂಜೆ ಮಾಡ್ತಿದ್ದೀಯೋ ಏನು" ಅಂತ ಕೇಳಿದಳು. ಐದನೇ ವಾರ ಲವಂಗದಲ್ಲಿ ಏನೋ ಚುಚ್ಚಿದ ಹಾಗಾಯಿತು. ವಾಸನೆ ಅಲ್ಲ, ಚುಚ್ಚಿದ್ದು. ಆಮೇಲೆ ಕೆಲವು ವಾರ ಎಲ್ಲವೂ ಸುಟ್ಟ ರಬ್ಬರಿನ ಹಾಗೆ ನಾರುತ್ತಿತ್ತು. ನನ್ನ ಸೋಪು ರಬ್ಬರ್, ನನ್ನ ದಿಂಬು ರಬ್ಬರ್. ಹೊಸ ನರಗಳು ತಪ್ಪು ಮನೆಯ ಬಾಗಿಲು ತಟ್ಟುವುದರಿಂದ ಹೀಗಾಗುತ್ತದೆ ಅಂತ ವೈದ್ಯರು ಹೇಳಿದರು. ಅಂದರೆ ಕೆಟ್ಟ ವಾಸನೆ ಬಂದಿದ್ದೇ ಸುಧಾರಣೆಯ ಗುರುತು. ಖುಷಿಪಡಬೇಕಂತೆ! ಪಟ್ಟೆ, ಮೂಗು ಮುಚ್ಚಿಕೊಂಡು.

ನನ್ನದು ಮೂಗು ಮಾತ್ರ. ಕೆಲವರ ಇಡೀ ದೇಹವೇ ಇನ್ನೂ ಮರಳಿಲ್ಲ. ಸೋಂಕು ತಗುಲಿ ಮೂರು ತಿಂಗಳಾದ ಮೇಲೂ ಇರುವ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ಕಾರಣ ಸಿಗದ ತೊಂದರೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಒಂದು ವ್ಯಾಖ್ಯೆ ಕೊಟ್ಟಿತು. ಲಾಂಗ್ ಕೋವಿಡ್ ಅಂತ ನಾವು ಕರೆಯುವುದು ಅದನ್ನೇ. ಸುಸ್ತು, ಏದುಸಿರು, ತಲೆಗೆ ಮಂಜು ಕವಿದ ಹಾಗಾಗುವುದು. ಇವರಿಗೆ ದಯವಿಟ್ಟು ನಾನು ಈಗಷ್ಟೇ ಹೇಳಿದ ಲಿಫ್ಟಿನ ಉಪದೇಶ ಕೊಡಬೇಡಿ. ಭಯಕ್ಕೆ ಮದ್ದು ಮುನ್ನುಗ್ಗುವುದು. ಈ ಸುಸ್ತಿಗೆ ಮುನ್ನುಗ್ಗಿದರೆ ಕೆಲವರು ವಾರಗಟ್ಟಲೆ ಹಾಸಿಗೆ ಹಿಡಿಯುತ್ತಾರೆ. ಅವರು ಶಕ್ತಿಯನ್ನು ತಿಂಗಳ ಕೊನೆಯ ದುಡ್ಡಿನ ಹಾಗೆ ಎಣಿಸಿ ಖರ್ಚು ಮಾಡಬೇಕು. "ಮನಸ್ಸು ಮಾಡಿದ್ರೆ ಆಗುತ್ತೆ" ಅನ್ನುವ ಮಾತು ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ಪೆಟ್ಟು. ಯಾರಿಗೆ ಯಾವುದು ಅಂತ ಗೊತ್ತಿಲ್ಲದಿದ್ದರೆ ಸುಮ್ಮನಿರುವುದೇ ವಾಸಿ.

ಕೊನೆಯಲ್ಲಿ ಪ್ರಶ್ನೆಗಳು ಬಂದವು. ಒಬ್ಬರು "ಇದರಿಂದ ಏನಾದ್ರೂ ಒಳ್ಳೇದಾಯ್ತಾ ಮೇಡಂ?" ಅಂದರು. ಈ ಪ್ರಶ್ನೆ ನನಗೆ ಇಷ್ಟವಿಲ್ಲ, ಅದನ್ನು ಅವರಿಗೂ ಹೇಳಿದೆ. ಅಷ್ಟು ಜನ ಸತ್ತಿದ್ದಕ್ಕೆ ಲಾಭದ ಪಟ್ಟಿ ಬರೆಯುವುದು ನನ್ನಿಂದಾಗದು. ಆದರೆ ಆಗಿದ್ದನ್ನು ಹೇಳಬಹುದು. ಬಿ/ಯಮಗಾಟಾ ಅನ್ನುವ ಒಂದು ಬಗೆಯ ಫ್ಲೂ ವೈರಸ್ 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಪತ್ತೆಯಾಗಿಲ್ಲ, ಅದನ್ನು ಲಸಿಕೆಯಿಂದಲೇ ಕೈಬಿಡುತ್ತಿದ್ದಾರೆ. ನಾವು ದೂರ ನಿಂತಿದ್ದು ಬರೀ ನಾಟಕ ಆಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2020ರ ವಸಂತದಲ್ಲಿ ವಾಹನಗಳ ಸದ್ದು ಇಳಿದಾಗ, ಅಲ್ಲಿನ ಬಿಳಿ ಕಿರೀಟದ ಗುಬ್ಬಚ್ಚಿಗಳು ಮೆಲ್ಲಗೆ ಹಾಡತೊಡಗಿದವು, ಆದರೂ ಅವುಗಳ ಹಾಡು ಮೊದಲಿಗಿಂತ ದೂರ ಕೇಳಿಸುತ್ತಿತ್ತು. ಗದ್ದಲದಲ್ಲಿ ಅವು ಅಷ್ಟು ವರ್ಷ ಕಿರುಚುತ್ತಿದ್ದವು.

ಇನ್ನೊಬ್ಬರು ಕೇಳಿದರು, "ನಿಮಗೆ ಪೂರ್ತಿ ವಾಸನೆ ಬಂತಾ?" ಇಲ್ಲ. ಲವಂಗ, ನಿಂಬೆ, ನೀಲಗಿರಿ ಬಂದಿವೆ. ಗುಲಾಬಿ ಇನ್ನೂ ಬಿಸಿನೀರಿನ ಆವಿಯ ಹಾಗೆ ಬರುತ್ತದೆ, ಏನೋ ಇದೆ, ಏನೂ ಇಲ್ಲ. ದಿನಾ ಮೂಸುವುದು ಬಿಟ್ಟಿದ್ದೇನೆ. ನೆನಪಾದಾಗ ಮೂಸುತ್ತೇನೆ.

ಎಲ್ಲ ಮುಗಿದು ಮೈಕ್ ಕೊಟ್ಟು ಬ್ಯಾಗ್ ತುಂಬಿಕೊಳ್ಳುವಾಗ ಮೂರನೇ ಸಾಲಿನ ಆ ಮಹಿಳೆ ಬಂದರು, ಮುಚ್ಚಳ ತೆಗೆಯದವರು. "ಅದರಲ್ಲಿ ಇದ್ದಿದ್ದು ಯಾವುದು?" ಅಂದರು. ಮೂಸಿ ನೋಡಿ ಅಂತ ಕೊಡೋಣ ಅಂದುಕೊಂಡರೆ ಸೀಸೆ ಇಲ್ಲ. ಇಬ್ಬರೂ ಸೇರಿ ಕುರ್ಚಿಗಳ ಕೆಳಗೆ ಬಗ್ಗಿ ಬಗ್ಗಿ ಹುಡುಕಿದೆವು, ಸಿಗಲಿಲ್ಲ. ಹಿಂದಿನ ಸಾಲಿನ ಯಾರದೋ ಜೇಬಿನಲ್ಲಿ ಹೋಗಿರಬೇಕು. ಅವರು ಇದನ್ನು ಓದುತ್ತಿದ್ದರೆ, ವಾಪಸ್ ತರುವ ತೊಂದರೆ ತೆಗೆದುಕೊಳ್ಳಬೇಡಿ, ಇಟ್ಟುಕೊಳ್ಳಿ. ಮುಚ್ಚಳ ಸ್ವಲ್ಪ ಸಡಿಲ, ನೆಟ್ಟಗೆ ನಿಲ್ಲಿಸಿಡಿ.